ಮೊಳೆ ಕಂಡರೂ ಕೂಗುವ ಯಂತ್ರ

ಏನು ಮೇಷ್ಟ್ರೇ, ಗೋಡೆ ಮೇಲೆ ಮೊಣಕೈ ಊರಿದಿರಿ ಅಂದ್ರೆ ಕಾಫಿ ಆಯ್ತು ಅಂತ ಅರ್ಥ. ಕೇಳಿ, ಅದೇನು ಕೇಳ್ತೀರೋ ಕೇಳಿ. ಹೌದು, ಮಗಳು ಇರೋದು ಬೆಂಡಿಗೋದಲ್ಲಿ. ಮೆಲ್ಬರ್ನಿನಿಂದ ರೈಲಿನಲ್ಲಿ ಎರಡು ಗಂಟೆ. 1851ರಲ್ಲಿ ಚಿನ್ನ ಸಿಕ್ಕಿತು ಅಂತಲೇ ಎದ್ದ ಊರು ಅದು. ಅಳಿಯಂದಿರು ವಾರವಿಡೀ ಕಂಪ್ಯೂಟರ್ ಮುಂದೆ. ಭಾನುವಾರ ಬಂತೂಂದ್ರೆ ತಲೆಗೆ ಟೋಪಿ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಮೆಟಲ್ ಡಿಟೆಕ್ಟರು. ಕದ್ದುಮುಚ್ಚಿ ಏನಲ್ಲ. ದುಡ್ಡು ಕಟ್ಟಿ 'ಮೈನರ್ಸ್ ರೈಟ್' ಅನ್ನೋ ಪರವಾನಗಿ ತಗೊಂಡ್ರೆ, ಬೇಡ ಅಂದಿರೋ ಜಾಗ ಬಿಟ್ಟು ಉಳಿದ ಸರ್ಕಾರಿ ಭೂಮಿಯಲ್ಲಿ ಹುಡುಕಬಹುದು. ಸಿಕ್ಕಿದ್ದು ಸಿಕ್ಕಿದವರಿಗೆ. ತೋಡಿದ ಗುಂಡಿ ಮಾತ್ರ ಮುಚ್ಚಿ ಬರಬೇಕು.

ಸಿಕ್ತಾ ಅಂತೀರಾ? ಸಿಕ್ತು. ಮೊಳೆ. ಬೂಟಿನ ಆಣಿ. ಸೀಸದ ಗುಂಡು. ಯಾವನೋ ಪುಣ್ಯಾತ್ಮ ಮೀನು ತಿಂದು ಬಿಸಾಕಿದ ಡಬ್ಬದ ತಗಡು.

ಅಷ್ಟು ದುಬಾರಿ ಯಂತ್ರಕ್ಕೆ ಚಿನ್ನ ಯಾವುದು, ಮೊಳೆ ಯಾವುದು ಅಂತ ಗೊತ್ತಾಗಲ್ವೇ ಅಂತ ನಾನೂ ಕೇಳಿದೆ. ಗೊತ್ತಾಗೋ ಜಾತಿಯೂ ಇದೆಯಂತೆ, ವಿ.ಎಲ್.ಎಫ್. ಅಂತ. ಅದು ಅಲೆ ಕಳಿಸ್ತಾನೇ ಇರುತ್ತೆ. ಹೋದದ್ದಕ್ಕೂ ಬಂದದ್ದಕ್ಕೂ ಎಷ್ಟು ಹಿಂದುಮುಂದಾಯ್ತು ಅಂತ ಅಳೆದು, ಇದು ಕಬ್ಬಿಣ, ಇದು ಬೆಳ್ಳಿ ಕಾಸು ಅಂತ ಪರದೆ ಮೇಲೆ ಅಂಕಿ ತೋರಿಸುತ್ತೆ. ಒಳ್ಳೆ ಮಣ್ಣಾದ್ರೆ, ಮೇಲೆಮೇಲೆ ಇದ್ರೆ, ಚೆನ್ನಾಗೇ ಹೇಳುತ್ತೆ. ಆದ್ರೆ ಆ ಸೀಮೆಯ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ವಿಪರೀತ. ಮಣ್ಣೇ ಕೂಗಾಡೋಕೆ ಶುರು ಮಾಡಿದ ಮೇಲೆ ಚಿನ್ನದ ದನಿ ಎಲ್ಲಿ ಕೇಳಬೇಕು?

ಅದಕ್ಕೇ ಅಲ್ಲಿಯವರು ಪಲ್ಸ್ ಇಂಡಕ್ಷನ್‌ಗೆ, ಅಂದ್ರೆ ಪಿ.ಐ.ಗೆ, ಮೊರೆ ಹೋದದ್ದು. ಅದು ಸುರುಳಿಗೆ ಕರೆಂಟು ಕೊಟ್ಟು ಥಟ್ಟನೆ ಕಿತ್ತುಬಿಡುತ್ತೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ. ಹಾಗೆ ಕಿತ್ತಾಗ ನೆಲದೊಳಗಿನ ಲೋಹದಲ್ಲಿ ಸುಳಿ ಕರೆಂಟು ಹುಟ್ಟಿ, ಹುಟ್ಟಿದ್ದು ಹಾಗೇ ಕುಂದುತ್ತೆ. ಯಂತ್ರ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತು ತೆಪ್ಪಗಿದ್ದು ಆಮೇಲೆ ಕಿವಿಗೊಡುತ್ತೆ. ಅಷ್ಟರಲ್ಲಿ ಮಣ್ಣಿನ ಗಲಾಟೆ ಬಹುಪಾಲು ತಗ್ಗಿರುತ್ತೆ. ಸಮುದ್ರತೀರದ ಉಪ್ಪುನೀರಿನದೂ ಅಷ್ಟೇ. ಹೀಗೆ ಕಾದು ಕೇಳೋದರಿಂದಲೇ ಅದಕ್ಕೆ ಆಳ ಸಿಕ್ಕಿದ್ದು, ಕಾದು ಕೇಳೋದರಿಂದಲೇ ಅದು ಭೇದ ತಿಳಿಯದೆ ಕೆಟ್ಟದ್ದು.

ಹೇಗೆ ಅಂತೀರಾ? ಪಾತ್ರೆ ಅಂಗಡಿಯಲ್ಲಿ ಮನೆಯವರು ತಂಬಿಗೆಯನ್ನ ಬೆರಳಲ್ಲಿ ಮೀಟಿ ನೋಡ್ತಾರಲ್ಲ, ನೀವು ಈಚೆ ಕಣ್ಣುಮುಚ್ಚಿ ನಿಂತ್ಕೊಳ್ಳಿ. ಎಷ್ಟು ಹೊತ್ತು ಗುಂಯ್ ಅಂತು ಅನ್ನೋದಷ್ಟನ್ನೇ ಲೆಕ್ಕ ಹಿಡಿದು, ಹಿತ್ತಾಳೆಯೋ ಕಂಚೋ, ದಪ್ಪವೋ ತೆಳುವೋ, ಎಷ್ಟು ದೊಡ್ಡದೋ ಎಲ್ಲಾ ಹೇಳಿ ನೋಡೋಣ! ಪಿ.ಐ.ಯ ಪಾಡೂ ಅದೇ. ಸಣ್ಣ ಚಿನ್ನದ ಹರಳಲ್ಲಿ ಕರೆಂಟು ಬೇಗ ಸಾಯುತ್ತೆ, ದಪ್ಪ ಗಟ್ಟಿಯಲ್ಲಿ ನಿಧಾನಕ್ಕೆ. ಕಬ್ಬಿಣ ಅಂಥಾ ಒಳ್ಳೆ ವಾಹಕ ಅಲ್ಲ, ನ್ಯಾಯವಾಗಿ ಅದರಲ್ಲಿ ಬೇಗ ಸಾಯಬೇಕು. ಆದ್ರೆ ಅದರ ಕಾಂತಗುಣ ಅಡ್ಡ ಬಂದು ಎಳೆದಾಡುತ್ತೆ. ಹೀಗಾಗಿ ಕಬ್ಬಿಣ ಬಂದು ಕೂರೋದು ಸರಿಯಾಗಿ ಚಿನ್ನದ ಪಂಕ್ತಿಯಲ್ಲೇ. ಮೊಳೆ ಮಲಗಿದ್ರೆ ಒಂದು ಥರ ಉತ್ತರ, ನಿಂತಿದ್ರೆ ಇನ್ನೊಂದು. ಇನ್ನು ತೀರಾ ಪುಡಿ ಚಿನ್ನವೋ, ಯಂತ್ರ ಕಿವಿ ತೆರೆಯೋದರೊಳಗೇ ಮುಗಿದುಹೋಗಿರುತ್ತೆ.

ಸುಮ್ಮನೆ ಏನೂ ಕೂತಿಲ್ಲ ಬಿಡಿ, ಇಂಜಿನಿಯರುಗಳು. 1995ರಲ್ಲಿ ಮೈನ್‌ಲ್ಯಾಬ್ ಕಂಪನಿಯವರು ಎಸ್‌ಡಿ 2000 ಅನ್ನೋ ಪಿ.ಐ. ಯಂತ್ರ ತಂದರು, ಒಂದೇ ಅಳತೆಯ ಪಲ್ಸ್ ಬದಲು ಉದ್ದದ್ದೂ ಗಿಡ್ಡದ್ದೂ ಬೆರೆಸಿ. ಎಲ್ಲರೂ ಹುಡುಕಿ ಬಿಟ್ಟಿದ್ದ ಹಳೇ ಜಾಗಗಳಲ್ಲೇ ಮತ್ತೆ ಚಿನ್ನ ಎದ್ದಿತು. ಅದರ ವಂಶದ ಯಂತ್ರಗಳಲ್ಲಿ ಸಣ್ಣ ಚಿನ್ನಕ್ಕೆ ದನಿ ಸಾಮಾನ್ಯವಾಗಿ ಏರಿ ಇಳಿಯುತ್ತೆ, ದೊಡ್ಡದಕ್ಕೆ ಇಳಿದು ಏರುತ್ತೆ. ಸುಳಿವು ಅಂತ ಹಿಗ್ಗಬೇಡಿ. ಕಬ್ಬಿಣವೂ ಎಷ್ಟೋ ಸಲ ಇಳಿದೇ ಏರುತ್ತೆ! ಮುಂದಿನ ಮಾದರಿಗಳಲ್ಲಿ ಕಬ್ಬಿಣ ಬಂದ್ರೆ ದನಿ ಅಡಗಿಸೋ ವ್ಯವಸ್ಥೆಯೂ ಬಂತು. ಅದು ಮೇಲಿರೋ ಕಬ್ಬಿಣಕ್ಕೆ ಸರಿ. ಆಳದ್ದಕ್ಕೆ ನೆಚ್ಚಿದರೆ ಚಿನ್ನವನ್ನೂ ಕಬ್ಬಿಣ ಅಂತ ದಾಟಿಹೋಗೋ ಭಯ. ಅಲ್ಲಿನ ಹಳಬರು ಆ ವ್ಯವಸ್ಥೆಯ ಸ್ವಿಚ್ಚನ್ನೇ ಮುಟ್ಟಲ್ಲ. ಕೂಗಿದ್ದೆಲ್ಲ ಅಗಿ ಅಂತಾರೆ. ನನಗಂತೂ ಅವರ ಮಾತೇ ಸರಿ ಅನ್ನಿಸ್ತು. ಅಳಿಯಂದಿರ ಸೊಂಟಕ್ಕೆ ಅನ್ನಿಸಿಲ್ಲ.

1980ರಲ್ಲಿ ಅದೇ ಸೀಮೆಯ ಕಿಂಗೋವರ್ ಹತ್ತಿರ 27 ಕಿಲೋದ ಗಟ್ಟಿ ಸಿಕ್ಕಿತ್ತು, 'ಹ್ಯಾಂಡ್ ಆಫ್ ಫೇತ್' ಅಂತ ಹೆಸರು. ಅದನ್ನ ಹಿಡಿದದ್ದು ಪಿ.ಐ. ಅಲ್ಲ, ಬೇರೆ ಜಾತಿ. ಇದ್ದದ್ದು ಅಡಿ ಆಳದಲ್ಲಿ. ಅಷ್ಟು ಜೋರಾಗಿ ಕೂಗಿದ್ದು ಯಾವುದೋ ಹಳೇ ಡಬ್ಬ ಇರಬೇಕು ಅಂತ ಮುಂದೆ ನಡೆದಿದ್ರೆ ಹೋಯ್ತಲ್ಲ ಮೇಷ್ಟ್ರೇ!

ಏನಂದ್ರಿ, ಕೋಲಾರ? ಸರಿಹೋಯ್ತು. ಅಲ್ಲಿನ ಚಿನ್ನ ಬೆಣಚುಕಲ್ಲಿನೊಳಗೆ ಕಣಕಣ ಸೇರ್ಕೊಂಡದ್ದು. 2001ರಲ್ಲಿ ಗಣಿ ಮುಚ್ಚೋ ಹೊತ್ತಿಗೆ ಮೂರು ಕಿಲೋಮೀಟರ್ ಕೆಳಗಿಳಿದಿದ್ದರು. ಈ ಡಿಟೆಕ್ಟರೋ, ಮೊಳದ ಲೆಕ್ಕದಲ್ಲಿ ನೋಡೋ ಸುರುಳಿ.

ಓಹೋ, ಊರ ಮನೆಯ ಹಿತ್ತಲಲ್ಲಿ ನಿಧಿ ಇದೆಯಂತಾ? ಈಗ ಬಂದಿರಿ ದಾರಿಗೆ. ನಿಧಿ ಕಾಯ್ದೆ ಗೊತ್ತಲ್ಲ, ಹೂತಿಟ್ಟದ್ದು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು. ಅದಿರಲಿ, ಅಳಿಯಂದಿರು ಬಂದಾಗ ಯಂತ್ರ ತರೋಕೆ ಹೇಳೋಣ. ಮೊದಲು ಇದನ್ನ ಹೇಳಿ, ನಿಮ್ಮ ತಾತ ಆ ಹಿತ್ತಲಲ್ಲಿ ಎಷ್ಟು ಜೊತೆ ಎತ್ತಿಗೆ ಲಾಳ ಹೊಡೆಸಿದ್ದರು?