ಖಡಕ್ ರೊಟ್ಟಿಯ ಮುಂದೆ ಹೊಸ ಹಲ್ಲು

ಹಲ್ಲು ಕಿತ್ತ ಕುರ್ಚಿಯಿಂದ ರೋಗಿ ಏಳುವ ಮೊದಲೇ ಅವನ ಬಾಯಿಗೆ ಕೃತಕ ಹಲ್ಲಿನ ಸೆಟ್ಟು ಕೂಡಿಸುವ ಪದ್ಧತಿಗೆ ದಂತವೈದ್ಯರು ‘ಇಮ್ಮೀಡಿಯೇಟ್ ಡೆಂಚರ್’ ಎನ್ನುತ್ತಾರೆ. ಸಾಮಾನ್ಯವಾಗಿ ದವಡೆಹಲ್ಲುಗಳನ್ನು ಮೊದಲು ಕಿತ್ತು, ಆ ಗಾಯ ಮಾಯಲು ಕೆಲವು ವಾರ ಬಿಟ್ಟು, ಮುಂದಿನ ಹಲ್ಲುಗಳು ಬಾಯಲ್ಲಿರುವಾಗಲೇ ಅಚ್ಚು ತೆಗೆದು, ಗಚ್ಚಿನ ಪಡಿಯಚ್ಚಿನಿಂದ ಆ ಹಲ್ಲುಗಳನ್ನು ಕೆತ್ತಿಹಾಕಿ, ಒಸಡು ಎಷ್ಟು ಇಳಿಯಬಹುದೆಂಬ ಅಂದಾಜಿನ ಮೇಲೆ ಅಕ್ರಿಲಿಕ್ಕಿನ ಸೆಟ್ಟನ್ನು ತಯಾರಿಸಿಡುತ್ತಾರೆ. ಮುಂದಿನ ವರ್ಷ ಸೊರಗಲಿರುವವನಿಗೆ ಈ ವರ್ಷವೇ ಅಂಗಿ ಹೊಲಿದಿಟ್ಟಂತಹ ಈ ವ್ಯವಹಾರದಲ್ಲಿ ಮುಂದಿನ ಹಲ್ಲುಗಳನ್ನು ಮೊದಲೇ ಬಾಯಲ್ಲಿಟ್ಟು ನೋಡುವ ಅವಕಾಶ ಇರುವುದಿಲ್ಲ.

ದಂತ ವೈದ್ಯಕೀಯ ಕಾಲೇಜೂ ಇರುವ ವಿಜಯಪುರ ನಗರಕ್ಕೆ ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸು ಹತ್ತಿ ಬರುವ ಹಿರಿಯರು ಈ ಅವಸರದ ಸೆಟ್ಟಿಗೆ ಒಪ್ಪುವುದು ಬಹುಮಟ್ಟಿಗೆ ಮುಖದ ಸಲುವಾಗಿ. ಮೊಮ್ಮಗಳ ಮದುವೆಯ ಫೋಟೋದಲ್ಲಾಗಲಿ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಾಗಲಿ ಬೊಚ್ಚುಬಾಯಿ ತೋರಿಸಲು ಯಾರಿಗೂ ಮನಸ್ಸಿಲ್ಲ. ಇದೇ ಊರಿನ ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಸಿಂಹಮುಖ ಇಂದಿಗೂ ಹಲ್ಲುಗಳ ನಡುವೆ ಆನೆಯೊಂದನ್ನು ಕಚ್ಚಿಕೊಂಡೇ ಇದೆ. ಅದಕ್ಕೆ ಒಸಡಿಲ್ಲವಾದ್ದರಿಂದ ಒಸಡಿನ ಕಾಟವೂ ಇಲ್ಲ. ಮನುಷ್ಯರಿಗಾದರೋ ಆನೆ ಬೇಡ, ರೊಟ್ಟಿ ಸಾಕು.

ಕಷ್ಟ ಬರುವುದು ಈ ರೊಟ್ಟಿಯಲ್ಲೇ. ಹಲ್ಲು ಮತ್ತು ಕಡಲೆಯ ಗಾದೆ ಕಟ್ಟಿದವರು ಬಹುಶಃ ಈ ಜಿಲ್ಲೆಯವರಲ್ಲ, ಆಗಿದ್ದರೆ ಕಡಲೆಯ ಜಾಗದಲ್ಲಿ ಜೋಳದ ಖಡಕ್ ರೊಟ್ಟಿ ಇರುತ್ತಿತ್ತು. ಪೂರ್ಣ ಸೆಟ್ಟು ಹಾಕಿದವರ ಕಚ್ಚುವ ಬಲ ಸ್ವಂತ ಹಲ್ಲಿನ ಬಲಕ್ಕಿಂತ ಬಹಳ ಕಡಿಮೆ. ಅದರ ಮೇಲೆ ಹಸಿ ಗಾಯವಿದ್ದರೆ ಕೇಳುವುದೇ ಬೇಡ. ಮುಂದಿನ ಹಲ್ಲಿನಿಂದ ರೊಟ್ಟಿಯ ಅಂಚು ಕಚ್ಚಿದೊಡನೆ ಸೆಟ್ಟಿನ ಹಿಂಬದಿ ಅಂಗುಳದಿಂದ ಬಿಟ್ಟು ಜಾರಿ ಬೀಳುತ್ತದೆ, ಶೇಂಗಾ ಹಿಂಡಿಯ ಒಂದು ಚೂರು ಆ ಸಂದಿಯಲ್ಲಿ ಸೇರಿತೆಂದರೆ ಉಣ್ಣುವವರ ಮುಖದಲ್ಲಿ ವೈರಾಗ್ಯ ಮೂಡುತ್ತದೆ. ತಿಕೋಟಾದ ಒಣದ್ರಾಕ್ಷಿ ಮೆತ್ತಗಿದ್ದೂ ಅಂಟಿಕೊಂಡು ಕಾಡುತ್ತದೆ. ಆದರೆ ಊರೇ ಇದಕ್ಕೆ ಪಥ್ಯವನ್ನೂ ಇಟ್ಟುಕೊಂಡಿದೆ: ಮೊದಲ ದಿನಗಳಿಗೆ ಆರಿದ ಅಂಬಲಿ, ನುಚ್ಚು-ಮಜ್ಜಿಗೆ, ಆಮೇಲೆ ಬಿಸಿ ರೊಟ್ಟಿಯನ್ನು ತುಪ್ಪ ಹಾಕಿ ಹಿಸುಕಿ ಮಾಡಿದ ಮುಟಗಿ, ಅದೂ ಸದ್ಯಕ್ಕೆ ಮೆಣಸಿನಕಾಯಿ ಬಿಟ್ಟು.

ಸೆಟ್ಟು ನೋಯಿಸಿದರೂ ಮೊದಲ 24 ಗಂಟೆ ಅದನ್ನು ತೆಗೆಯಬಾರದೆಂಬ ವೈದ್ಯರ ಮಾತು ಹಲವರಿಗೆ ಅನ್ಯಾಯವೆನಿಸುತ್ತದೆ. ಅದು ಗಾಯಕ್ಕೆ ಪಟ್ಟಿಯ ಕೆಲಸ ಮಾಡುತ್ತಿರುತ್ತದೆ, ಮತ್ತು ಒಮ್ಮೆ ತೆಗೆದರೆ ಒಸಡು ಬಾತು ಮರಳಿ ಕೂಡ್ರುವುದಿಲ್ಲ. ಮರುದಿನ ವೈದ್ಯರೇ ತೆಗೆದು ಒತ್ತಿದ ಜಾಗ ನೋಡಿ ಉಜ್ಜಿ ಸರಿಮಾಡುತ್ತಾರೆ. ಬಾಯಿ ಅದನ್ನು ತಿನಿಸೆಂದೇ ತಿಳಿದು ಕೆಲವು ದಿನ ಜೊಲ್ಲು ಸುರಿಸುತ್ತದೆ. ‘ಸಿದ್ಧೇಶ್ವರ’ ಎನ್ನಹೋದರೆ ಸಿಳ್ಳೆ ಬರುತ್ತದೆ. ಗಟ್ಟಿಯಾಗಿ ಪತ್ರಿಕೆ ಓದುವುದು ಇದಕ್ಕೆ ಒಳ್ಳೆಯ ಅಭ್ಯಾಸವಾದರೂ, ಪಿಸುಮಾತನ್ನೂ ಮತ್ತೆ ಮತ್ತೆ ಹಿಂದಿರುಗಿಸುವ ಗೋಳಗುಮ್ಮಟದ ಒಳಗೆ ಅದನ್ನು ಮಾಡದಿರುವುದು ಕ್ಷೇಮ.

ಬೇರು ಹೋದ ದವಡೆಯ ಎಲುಬು ಮೊದಲ ಆರು ತಿಂಗಳಲ್ಲೇ ಬಹಳ ಬೇಗ ಸವೆಯುವುದರಿಂದ, ಎಷ್ಟು ಚೆನ್ನಾಗಿ ಮಾಡಿದ ಸೆಟ್ಟಾದರೂ ಸಡಿಲಾಗುತ್ತದೆ. ಇದು ಮಾಡಿದವರ ತಪ್ಪಲ್ಲ. ಆಗ ಒಳಮೈಗೆ ಹೊಸ ಪದರ ಕೊಟ್ಟು ಬಿಗಿ ಮಾಡುವ ‘ರಿಲೈನಿಂಗ್’ ಮಾಡಿಸಬೇಕು, ಕೆಲವರಿಗೆ ಬೇರೆ ಸೆಟ್ಟೇ ಬೇಕಾಗುತ್ತದೆ, ಮೊದಲನೆಯದು ಆಪತ್ತಿಗೆಂದು ಪೆಟ್ಟಿಗೆ ಸೇರುತ್ತದೆ. ಆದ್ದರಿಂದ ಹಲ್ಲು ಕೀಳಿಸಲು ದಿನ ಗೊತ್ತುಮಾಡುವವರು, ಹೇಳಿದ ದರದಲ್ಲಿ ರಿಲೈನಿಂಗೂ ಸೇರಿದೆಯೇ ಎಂದು ಬಾಯಿ ಮರಗಟ್ಟುವ ಮೊದಲೇ ಕೇಳಿಕೊಳ್ಳಬೇಕು.