ಏಟ್ಟಯ್ಯನ ಉಪದೇಶ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಯಾವ ಟೀ ಅಂಗಡಿ ಬೆಂಚಿನ ಮೇಲೆ ಕೂತರೂ ಒಬ್ಬ ಏಟ್ಟಯ್ಯ ಸಿಗುತ್ತಾರೆ. ಕಾಗದದಲ್ಲಿ ಹೆಡ್ ಕಾನ್‌ಸ್ಟೆಬಲ್, ಊರ ಬಾಯಲ್ಲಿ ಏಟ್ಟಯ್ಯ. ನಾನು ಹೇಳುತ್ತಿರುವವರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡ ಅಲ್ಲಿನ ಒಕ್ಕಲಿಗರ ಪೈಕಿ. ತೋಳಲ್ಲಿ ಮೂರು ಪಟ್ಟಿ, ಶರ್ಟಿನ ಗುಂಡಿಗಳ ಮೇಲೆ ಹೊಟ್ಟೆಯ ಸತತ ಒತ್ತಡ. ಪೊಲೀಸ್ ಭರ್ತಿಗೆಂದು ಬೆಳಗ್ಗೆ ಮೈದಾನದಲ್ಲಿ ಓಡಿ ಬೆವರು ಒರೆಸಿಕೊಳ್ಳುತ್ತ ಬರುವ ಹುಡುಗರನ್ನು ಕಂಡರೆ ಅವರ ಕರುಳು ಚುರ್ ಅನ್ನುತ್ತದೆ.

“ಬ್ಯಾಡ ಕಣಪ್ಪ ಈ ಕೆಲಸ. ಅಪ್ಪಂದು ದ್ರಾಕ್ಷಿ ತೋಟ ಇದೆಯಲ್ಲ, ನೆಮ್ಮದಿಯಾಗಿರು.”

ಟೀ ಒಂದು ಗುಟುಕು ಇಳಿಯುವಷ್ಟರಲ್ಲಿ, “1,500 ಮೀಟರ್ ಎಷ್ಟರಲ್ಲಿ ಓಡಿದೆ?”

“ಏಳೂಕಾಲು ನಿಮಿಷ, ಏಟ್ಟಯ್ಯ.”

“ಥೂ! 7 ನಿಮಿಷ ದಾಟಿದರೆ ಮನೆಗೇ. ಮೊದಲ ಸುತ್ತಲ್ಲೇ ಯಾಕೆ ಹಾರಾಡ್ತೀಯ?” ಅಂದವರೇ ಎದ್ದು ಅಂಗಡಿಯ ಕಂಬ ಹಿಡಿದು, ಹಗ್ಗ ಹತ್ತುವಾಗ ಪಾದ ಹೇಗೆ ಬಿಗಿಯಬೇಕೆಂದು ತೋರಿಸುತ್ತಾರೆ. ಅಂಗಡಿಯವನು ಹಾಲಿನ ಪಾತ್ರೆಯನ್ನು ಆಚೆ ಸರಿಸಿಕೊಳ್ಳುತ್ತಾನೆ. ಗಂಡುಮಕ್ಕಳಿಗೆ ಸಾಮಾನ್ಯವಾಗಿ 170 ಸೆಂಟಿಮೀಟರ್ ಎತ್ತರ ಬೇಕು. ಅದನ್ನು ಏಟ್ಟಯ್ಯ ಕಣ್ಣಲ್ಲೇ ಅಳೆಯುತ್ತಾರೆ. ಈಚೆಗೆ ಲಿಖಿತ ಪರೀಕ್ಷೆಯ ಜೊತೆಗೆ 80 ಅಂಕದ ತಮಿಳು ಪರೀಕ್ಷೆಯೂ ಸೇರಿದೆ. “ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು!” ಅನ್ನುವಾಗ ದನಿಯಲ್ಲಿ ಹೊಟ್ಟೆಕಿಚ್ಚೋ ಸಮಾಧಾನವೋ ತಿಳಿಯದು.

ಬಡ್ತಿಯ ಮಾತು ಎತ್ತಬಾರದು. ಎತ್ತಿದರೆ ತಮ್ಮ ಕಾಲದ ಲೆಕ್ಕ ಶುರು: 10 ವರ್ಷಕ್ಕೆ ಗ್ರೇಡ್ ಒಂದು ಕಾನ್‌ಸ್ಟೆಬಲ್, ಆಮೇಲೆ 5 ವರ್ಷಕ್ಕೆ ಏಟ್ಟು, ಇನ್ನೂ 10 ವರ್ಷ ಸವೆಸಿದರೆ ಎಸ್‌ಎಸ್‌ಐ, ಅಂದರೆ ಸ್ಪೆಷಲ್ ಸಬ್ ಇನ್‌ಸ್ಪೆಕ್ಟರ್. “ಅಷ್ಟರಲ್ಲಿ ಮೊಣಕಾಲಿಗೇ ನಿವೃತ್ತಿ.”

ಮನೆಯವರ ಬೆಂಬಲ ಹೇಗಿದೆ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ, ಹೆಂಡತಿಯನ್ನೇ ಕೇಳಬೇಕು. ಚಿತ್ತಿರೈ ತಿಂಗಳಲ್ಲಿ ವೀರಪಾಂಡಿ ಗೌಮಾರಿಯಮ್ಮನ ಜಾತ್ರೆ, ತೈಪೂಸಕ್ಕೆ ದಿಂಡಿಗಲ್ ಕಡೆ ಪಳನಿಯ ಪಾದಯಾತ್ರೆ, ಕಾರ್ತಿಕದಿಂದ ಮಕರಜ್ಯೋತಿವರೆಗೆ ಶಬರಿಮಲೆ, ಎಲ್ಲಕ್ಕೂ ಏಟ್ಟಯ್ಯನ ಬಂದೋಬಸ್ತು. ಊರಿನ ದೇವರಿಗೆಲ್ಲ ಹಬ್ಬ ಬಂದಾಗ ಆ ತಾಯಿಯ ಮನೆಯಲ್ಲಿ ಗಂಡ ಇರುವುದಿಲ್ಲ. ಮದುವೆಗಳಿಗೆ ಒಬ್ಬಳೇ ಹೋಗಿ ಗಂಡನ ಹೆಸರಲ್ಲಿ ಮುಯ್ಯಿ ಬರೆಸುತ್ತಾಳೆ. ಹಾಗಾಗಿ ಎಷ್ಟೋ ನೆಂಟರು ಏಟ್ಟಯ್ಯನನ್ನು ಮುಯ್ಯಿ ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ದಿನ ಅವರಿಗೂ ರಕ್ತಸಂಬಂಧ ನೆನಪಾಗುತ್ತದೆ.

ಆದರೆ ಏಟ್ಟಯ್ಯನ ವೈಭವ ನೋಡಬೇಕಾದರೆ ಶಬರಿಮಲೆ ಕಾಲಕ್ಕೇ ಬರಬೇಕು. ಜನ ಹೆಚ್ಚಿದಾಗ ಹೋಗುವ ಗಾಡಿಗಳನ್ನು ಕಂಬಂಮೆಟ್ಟಿನ ದಾರಿಗೆ ತಿರುಗಿಸಿ, ಬರುವವನ್ನು ಕುಮಳಿ ಕಡೆಯಿಂದ ಬಿಡುತ್ತಾರೆ. ಕರ್ನಾಟಕದ ಗಾಡಿಯ ಸ್ವಾಮಿಗಳು ಕುಮಳಿಗೇ ಹೋಗುತ್ತೇವೆಂದು ಹಟ ಹಿಡಿದಾಗ ಇನ್‌ಸ್ಪೆಕ್ಟರ್ ಕೂಗುವುದು ಒಂದೇ ಹೆಸರು. ಏಟ್ಟಯ್ಯ ಕಿಟಕಿಗೆ ಬಾಗಿ ಅಜ್ಜಿಯಿಂದ ಬಂದ ಕನ್ನಡದಲ್ಲಿ, ಅರ್ಧ ತಮಿಳು ಬೆರೆಸಿ, ದಾರಿ ಹೇಳುತ್ತಾರೆ. ಒಳಗಿನಿಂದ ಒಬ್ಬರು, “ಅಣ್ಣ, ಕನ್ನಡ ಚೆನ್ನಾಗೇ ಕಲ್ತಿದೀರಲ್ಲ!” ಅನ್ನುತ್ತಾರೆ.

“ಕಲಿಯೋದೇನು ಸ್ವಾಮಿ, ಹುಟ್ಟಿದ್ದೇ ಅದ್ರಾಗೆ!”

ಸಿಟ್ಟಿನಿಂದಲೇ ಗಾಡಿ ಬಿಡುತ್ತಾರೆ. ಅದರ ಹಣೆಯ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಓದಲು ಮಾತ್ರ ಬರುವುದಿಲ್ಲ, ಶಾಲೆಯೆಲ್ಲ ತಮಿಳಲ್ಲಾಯಿತು. ಆ ರಾತ್ರಿ ಊಟ ತಣ್ಣಗಾಗಿದ್ದರೂ ಈ ಕತೆ ಹೆಂಡತಿಗೆ ಇನ್ನೊಮ್ಮೆ ಹೇಳದೆ ಮಲಗುವುದಿಲ್ಲ. ಕೊನೆಯಲ್ಲಿ, “ಸಾಕಾಗಿದೆ, ವಿಆರ್‌ಎಸ್ ಬರೆದುಕೊಡ್ತೀನಿ” ಅನ್ನುತ್ತಾರೆ. ಬೆಳಗ್ಗೆ ಇಸ್ತ್ರಿಯಲ್ಲಿ ಒಂದು ಸುಕ್ಕು ಕಂಡರೆ ಮನೆ ಹಾರಿಹೋಗುವಂತೆ ಕೂಗುತ್ತಾರೆ.

2021ರಲ್ಲಿ ಸರ್ಕಾರ ಪೊಲೀಸರಿಗೆ ವಾರದ ರಜೆ ಅಂತ ಆದೇಶ ಹೊರಡಿಸಿತು. ಕೈಗೆ ಸಿಕ್ಕ ವಾರ ಏಟ್ಟಯ್ಯ ಹಿತ್ತಲಲ್ಲಿ ಮಕ್ಕಳ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ತರಕಾರಿಯವನ ಗಾಡಿಯನ್ನು ಎಡಕ್ಕೆ ಒತ್ತಿಸುತ್ತಾರೆ, ಸಾರಿಗೆ ಉಪ್ಪು ಯಾಕೆ ಹೆಚ್ಚಾಯಿತೆಂದು ವಿಚಾರಣೆ ನಡೆಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೆಂಡತಿಯೇ ಸ್ಟೇಷನ್ ರೈಟರಿಗೆ ಫೋನ್ ಮಾಡುತ್ತಾಳೆ.

“ತಮ್ಮಾ, ಎಲ್ಲಾದರೂ ಬಂದೋಬಸ್ತು ಇದ್ದರೆ ನೋಡಪ್ಪ.”