ಮಾಲು: ಮಾಸ್ತರ್

ನನ್ನ ಕಾರಿನಲ್ಲಿ ನೂರು ಪುಟದ ನೋಟುಬುಕ್ಕೊಂದಿತ್ತು. ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ‘ಶ್ರೀ’, ಕೆಳಗೆ ‘ಪೆಟ್ರೋಲ್ ಹಿಸಾಬ್’ ಎಂದು ದುಂಡಗೆ ಬರೆದವನು ನಾನೇ. ದಾಸೋಹದ ನೆಲ ಬಸವಕಲ್ಯಾಣದಲ್ಲಿ ಹುಟ್ಟಿದವನು ಇಂಥ ಪುಸ್ತಕ ಇಡಬಹುದೇ? ಸಂಜೆ ಊರ ಹತ್ತಿರ 108 ಅಡಿಯ ಬಸವಣ್ಣ ಕಾಣಿಸಿದಾಗೆಲ್ಲ ನನ್ನ ಕೈ ತಾನಾಗಿ ಪುಸ್ತಕವನ್ನು ಸೀಟಿನ ಕೆಳಗೆ ತಳ್ಳುತ್ತಿತ್ತು. ಆಮೇಲೆ ಹೊಳೆಯಿತು: ಬಸವಣ್ಣನೂ ಬಿಜ್ಜಳನ ಭಂಡಾರಿಯೇ ಅಲ್ಲವೇ, ಲೆಕ್ಕ ಇಟ್ಟವನೇ. ಪುಸ್ತಕ ಮತ್ತೆ ಮೇಲೆ ಬಂತು.

ನಾವು ಕೂಡಿ ದಿನಾ ಹೋಗುವ ಹುಮನಾಬಾದಿಗೆ ಸುಮಾರು 30 ಕಿಲೋಮೀಟರು, ಹೋಗಿ ಬಂದರೆ 60. ನನ್ನ ಮುದಿ ಕಾರು ಲೀಟರಿಗೆ 15 ಓಡುತ್ತದೆ. ಅಲ್ಲಿಗೆ 4 ಲೀಟರು, ಮಂದಿಯೂ ನಾಲ್ವರು. ತಲೆಗೊಂದು ಲೀಟರು, 103 ರೂಪಾಯಿ. ದೇವರೇ ಭಾಗಾಕಾರ ಮಾಡಿಕೊಟ್ಟಂತಿದ್ದ ಈ ಲೆಕ್ಕ ಕೆಡಲು ಬರೀ ಎಂಟು ದಿನ ಸಾಕಾಯಿತು.

“ನಾ ರಾಜೇಶ್ವರದಾಗ ಇಳೀತೀನಿ. ಅರ್ಧ ದಾರಿಗಿ ಪೂರಾ ರೊಕ್ಕ ಯಾಕ?” ಎಂದರು ಕಾಕಾ.

“ನೀವು ಇಳದ್ರೂ ಗಾಡಿ ಮುಂದ ಹೋಗೋದೇ ಅದಲ್ರಿ,” ಎಂದರು ಬ್ಯಾಂಕಿನ ಕ್ಯಾಷಿಯರ್ ಸಾಹೇಬರು. ನಾನು ಸಂದಿಯಲ್ಲಿ ಟಾಯರು, ಆಯಿಲ್ಲು, ಇನ್ಶೂರೆನ್ಸು ಎಂದು ತೊದಲಿದೆ. “ಬಿಳಿ ಬೋರ್ಡಿನ ಗಾಡಿ ಮಾಸ್ತರ್ರ. ಜಾಸ್ತಿ ಕೇಳಿದ್ರ ಬಾಡಿಗಿ ಅಂತಾರ,” ಎಂದು ಸಾಹೇಬರು ನನ್ನ ಬಾಯಿ ಮುಚ್ಚಿಸಿದರು.

ಹಿಂದಿನ ಸೀಟಿನಿಂದ ಅಕ್ಕೋರು ಮೆಲ್ಲಗೆ ಅಂದರು: “ನಂಗ ಬಸ್ಸು ಪುಕ್ಕಟೆ ಅದ. ನಿಮ್ಮ ಕಾರಿಗಿ ಬಂದ್ರ ದಿನಾ 103 ರೂಪಾಯಿ ಲುಕ್ಸಾನು ನಂಗ.”

2023ರ ಜೂನ್ 11ರಿಂದ ರಾಜ್ಯದ ಹೆಂಗಸರೆಲ್ಲರಿಗೂ ಗೊತ್ತಿದ್ದ ಸಂಗತಿ ನನ್ನ ಪುಸ್ತಕಕ್ಕೆ ಮಾತ್ರ ಗೊತ್ತಿರಲಿಲ್ಲ.

ಉಪಾಯ ಹುಡುಕಿದವರು ಕಾಕಾ. ಅವರದು ಲಾರಿ ಮನೆತನ. ನಮ್ಮೂರಿನಲ್ಲಿ ಕೂಸು ಮಗ್ಗಿಗಿಂತ ಮೊದಲು ಟನ್ನು ಕಲಿಯುತ್ತದೆ. “ಮಾಲು ಎಷ್ಟು ತೂಗ್ತದೋ ಅಷ್ಟು ಬಾಡಿಗಿ. ಮನಷ್ಯಾ ಅಂದ್ರೂ ಮಾಲೇ,” ಎಂದರು. ಸಸ್ತಾಪುರ ಬಂಗ್ಲಾದ ಕಡೆ ಹೊರಟಿದ್ದ ಕಾರನ್ನು ಲಾರಿ ತೂಗುವ ಕಾಟಾದ ಮೇಲೆ ಹತ್ತಿಸಿದೆವು. ಹತ್ತಿಸಿದವನು ನಾನೇ. ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಇಸ್ತ್ರಿ ಅಂಗಿ ಹಾಕಿಕೊಂಡು.

ಕೆಂಪು ಅಂಕಿ ಹೊತ್ತಿಕೊಂಡಿತು: 1180. ಕಾಕಾ ಇಳಿದರು: 1100. ಎಂಬತ್ತು! ಪುಸ್ತಕಕ್ಕೆ ಬರೆದೆ. ಸಾಹೇಬರು ಇಳಿದರು: 1010. ತೊಂಬತ್ತೇ? ಸಾಹೇಬರು ಒಪ್ಪಲಿಲ್ಲ. ಮತ್ತೆ ಹತ್ತಿದರು. ಮೊಬೈಲು, ಕೀಲಿಗೊಂಚಲು, ಬೆಲ್ಟು ಎಲ್ಲ ಕಾಕಾನ ಕೈಗೆ ಕೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದವರಂತೆ ಬರಿಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ಇಳಿದರು. ಆಗಲೂ ತೊಂಬತ್ತೇ. “ಈ ಕಾಟಾ ಹತ್ತು ಕಿಲೋಕ್ಕಿಂತ ಸಣ್ಣ ಫರಕು ತೋರ್ಸಲ್ರಿ ಸಾಹೇಬ್ರ. ಎಂಬತ್ತಾರಿದ್ರೂ ತೊಂಬತ್ತೇ,” ಎಂದ ಕಾಟಾದ ಹುಡುಗ. ನಾಲ್ಕು ಕಿಲೋ ಸುಳ್ಳು ತಲೆಮೇಲೆ ಬಿದ್ದಿತೆಂದು ಸಾಹೇಬರು ಕುದಿದರು. ಜಿಲ್ಲೆಯ ಅರ್ಧ ಲಾರಿ ನಮ್ಮ ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿತ್ತು. ನಾನು ಇಳಿದೆ: 940. ಹುಡುಗ ಕಿಟಕಿಯಿಂದ ತಲೆ ಹಾಕಿ, “ಚೀಟಿಯಾಗ ಮಾಲು ಏನಂತ ಬರೀಲಿ ಸರ್?” ಎಂದು ಕೇಳಿದ. “ಮಾಸ್ತರ್ ಅಂತ ಬರಿ,” ಎಂದರು ಕಾಕಾ. ಬರೆದೇ ಬಿಟ್ಟ. ಚೀಟಿ ಇನ್ನೂ ನನ್ನ ಹತ್ತಿರವಿದೆ.

ಕಾರಿನೊಳಗೆ ಅಕ್ಕೋರು ಒಬ್ಬರೇ, ಗಾಜು ಏರಿಸಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ಡಬ್ಬಿ ಹಿಡಿದು ಇಳಿದರು. ನಾವು ಮೂವರೂ ಒಟ್ಟಿಗೆ ಕತ್ತು ತಿರುಗಿಸಿ ಅಂಕಿ ನೋಡಿದೆವು.

ನಾವು ನೋಡಿದ್ದನ್ನು ಅವರು ನೋಡಿದರು.

ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ. ಅಂದು ಪುಸ್ತಕದಲ್ಲೂ ಬರೆಯಲಾಗಲಿಲ್ಲ. ಅವರು ಏನೂ ಅನ್ನಲಿಲ್ಲ, ರಸ್ತೆ ದಾಟಿ ಬಸ್ಸಿಗೆ ಕೈ ಮಾಡಿದರು. ಕಾಟಾದ 60 ರೂಪಾಯಿಯನ್ನು ತಲೆಗೆ ಹಂಚುವುದೋ ತೂಕಕ್ಕೆ ಹಂಚುವುದೋ ಎಂದು ಕಾಕಾ ಮತ್ತು ಸಾಹೇಬರು ರಾಜೇಶ್ವರದವರೆಗೂ ಜಗಳಾಡಿದರು. ನನಗೆ ಜೀವನದಲ್ಲಿ ಮೊದಲ ಸಲ ಇಬ್ಬರನ್ನೂ ಇಳಿಸಿ ಹೋಗಬೇಕೆನ್ನಿಸಿತು. ಕಾರು ಹತ್ತಿಸಿದವನು ನಾನಾದ್ದರಿಂದ ಸುಮ್ಮನಿದ್ದೆ.

ಮುಂದಿನ ವಾರ ಸಸ್ತಾಪುರ ಬಂಗ್ಲಾದಲ್ಲಿ ಹುಮನಾಬಾದ್ ಬಸ್ಸು ನಮ್ಮ ಪಕ್ಕದಲ್ಲೇ ನಿಂತಿತು. ಕಿಟಕಿಯಲ್ಲಿ ಅಕ್ಕೋರು. ತೊಡೆಯ ಮೇಲೆ ಅದೇ ಡಬ್ಬಿ. ಆವತ್ತು ಸೋಮವಾರ. ಪ್ರತಿ ಸೋಮವಾರ ಆ ಡಬ್ಬಿಯಿಂದ ನಾಲ್ವರಿಗೂ ಶೇಂಗಾ ಹೋಳಿಗೆ ಬರುತ್ತಿತ್ತು. ಕಾಕಾನಿಗೆ ಎರಡು. ಈಗ ಪಕ್ಕದ ಸೀಟಿನ ಯಾವುದೋ ಮುದುಕಿ ಅದನ್ನು ಮುರಿದು ತಿನ್ನುತ್ತಿದ್ದಳು.

ಪುಸ್ತಕ ತೆರೆದೆ. ಹೋಳಿಗೆಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ಹಿಂದಿನ ಸೋಮವಾರದ ಪುಟದಲ್ಲಿ ಮಾತ್ರ ಬೆರಳಗಲದ ತುಪ್ಪದ ಕಲೆಯಿತ್ತು. ಅಲ್ಲಿ ಕಾಗದ ತೆಳ್ಳಗಾಗಿ ಆಚೆ ಬದಿಯ 103 ತಿರುವುಮುರುವಾಗಿ ಕಾಣುತ್ತಿತ್ತು. ನಾನು 412ನ್ನು ಮೂರರಿಂದ ಭಾಗಿಸಿದೆ. ತಲೆಗೆ 137 ರೂಪಾಯಿ 33 ಪೈಸೆ.

ಕಾಕಾ ಬಗ್ಗಿ ನೋಡಿದರು. “ಮ್ಯಾಲಿನ 33 ಪೈಸಾ ಯಾರು ಕೊಡ್ಬೇಕು?”